ಒಂದನೇ ಸಿಲಿಂಡರಿನ ರಾಡ್

ಜೂನ್ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಎಂಟೂಕಾಲಕ್ಕೆ ಯೆರ್‌ವಿಕ್ ಪೊಲೀಸ್ ಠಾಣೆಗೆ ಜಿಲ್ಲಾ ಆಸ್ಪತ್ರೆಯಿಂದ ಫೋನು ಬಂತು. ಮಾತಾಡಿದವಳು ನರ್ಸ್. ಬೆನ್ನುಮೂಳೆ ವಾರ್ಡಿನ ರೋಗಿಯೊಬ್ಬಳು ದೂರು ಕೊಡಬೇಕೆಂದು ಹಟ ಹಿಡಿದಿದ್ದಾಳೆ, ಎದ್ದು ಬರುವ ಸ್ಥಿತಿಯಲ್ಲಿಲ್ಲ, ಯಾರಾದರೂ ಬಂದರೆ ಒಳ್ಳೆಯದು ಎಂದಳು. ರೋಗಿಯ ಹೆಸರು ತೀರಾ ಸೆಲಿನ್.

ಹೆಸರು ಕೇಳಿದ ಕೂಡಲೇ ಕಾನ್‌ಸ್ಟೇಬಲ್ ಸಿಕ್ಸ್ಟೆನ್ ರಾಸ್ಕ್ ಕಾಫಿ ಲೋಟ ಕೆಳಗಿಟ್ಟ. ಒಂಬತ್ತು ದಿನದ ಹಿಂದಿನ ಶನಿವಾರ ಊರಾಚೆಯ ಹಳೆಯ ಸೇನಾ ರನ್‌ವೇಯಲ್ಲಿ ನಡೆದ ಕಾಲು ಮೈಲಿಯ ಕಾರು ಓಟವನ್ನು ನೋಡಲು ಅವನೂ ಹೋಗಿದ್ದ. ತೀರಾಳ ನೀಲಿ ಕಾರು ಗೋಡೆಗೆ ಅಪ್ಪಳಿಸಿದಾಗ ಅವನು ಬೇಲಿಗೆ ಒರಗಿ ನಿಂತಿದ್ದ.

ಇನ್‌ಸ್ಪೆಕ್ಟರ್ ಗುನ್‌ವೊರ್ ಲಿಡೆನ್ ಅವನನ್ನೇ ಕರೆದುಕೊಂಡು ಹೊರಟಳು.

ತೀರಾಳಿಗೆ ಇಪ್ಪತ್ತೇಳು ವರ್ಷ. ಕುತ್ತಿಗೆಗೆ ಪಟ್ಟಿ, ಎದೆಗೆ ಗಟ್ಟಿ ಕವಚ. ಸೊಂಟದಿಂದ ಕೆಳಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲವೆಂದು ಡಾಕ್ಟರು ಅವಳಿಗೇ ಹೇಳಿದ್ದರು.

"ಏನಾಯ್ತು ಹೇಳಿ," ಎಂದಳು ಗುನ್‌ವೊರ್.

"ಎಂಜಿನ್ ಒಳಗಿನ ರಾಡ್ ಮುರೀತು. ಒಂದನೇ ಸಿಲಿಂಡರಿಂದು ಅಂತ ಕ್ಲಬ್ಬಿನೋರು ನೋಡಿ ಹೇಳಿದ್ರು. ಕೊನೆ ಗೆರೆ ಇನ್ನೇನು ಬಂತು ಅನ್ನುವಾಗ. ಎಣ್ಣೆ ಹಿಂದಿನ ಚಕ್ರದ ಕೆಳಗೆ ಸುರೀತು. ಆಮೇಲೆ ಗೋಡೆ."

"ಈ ಆಟದಲ್ಲಿ ರಾಡ್ ಮುರಿಯೋದು ಹೊಸದಲ್ವಲ್ಲ?"

"ಆಟಕ್ಕೆ ಹೊಸದಲ್ಲ. ನಮ್ಮಮ್ಮ ಕಟ್ಟಿದ ಎಂಜಿನ್ನಿಗೆ ಹೊಸದು. ನಾನು ಹುಟ್ಟೋಕೆ ಮುಂಚಿಂದ ಕಟ್ತಿದ್ದಾಳೆ. ಒಂದೂ ಮುರಿದಿಲ್ಲ. ಅಮ್ಮ ತಪ್ಪು ಮಾಡಲ್ಲ."

"ಅಂದ್ರೆ?"

"ಅಂದ್ರೆ ಯಾರೋ ಕೈಯಾಡಿಸಿದ್ದಾರೆ. ಊರಲ್ಲಿ ಏನಂತಿದ್ದಾರೆ ಗೊತ್ತಾ? ಮಾಯ್‌ಬ್ರಿಟ್‌ಗೆ ವಯಸ್ಸಾಯ್ತು, ಕಣ್ಣು ಮಂಜಾಯ್ತು, ಮಗಳನ್ನ ತಾನೇ ಹೆಳವಿ ಮಾಡಿದ್ಲು ಅಂತ. ನನ್ನ ಕಾಲು ಹೋಯ್ತು, ಹೋಗ್ಲಿ. ಅವಳ ಹೆಸರು ಹೋಗಬಾರ್ದು. ಬರ್ಕೊಳ್ಳಿ."

"ಯಾರ ಮೇಲಾದ್ರೂ ಅನುಮಾನ?"

"ಕೆನ್ನೆತ್ ಬ್ರಾಟ್. ನಮ್ಮ ತಂಡದಲ್ಲಿದ್ದ. ಚಳಿಗಾಲದಲ್ಲಿ ಜಗಳ ಆಡ್ಕೊಂಡು ಹೋದ. ವರ್ಕ್‌ಶಾಪಿನ ಬೀಗದ ಕೈ ಇನ್ನೂ ಅವನ ಹತ್ರಾನೇ ಇದೆ."

ಸಿಕ್ಸ್ಟೆನ್ ಹೇಳಿಕೆ ಬರೆದುಕೊಂಡ. ತೀರಾ ಹಾಳೆಯನ್ನು ಕಣ್ಣೆದುರು ಹಿಡಿಸಿ, ಒಂದೊಂದೇ ಸಾಲು ಓದಿ, ಸಹಿ ಹಾಕಿದಳು.

ಕಾರಿಡಾರಿನ ಬೆಂಚಿನ ಮೇಲೆ ಬೂದು ಕೂದಲಿನ ಹೆಂಗಸೊಬ್ಬಳು ಥರ್ಮಾಸ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಗಲವಾದ ಕೈ, ಗೆಣ್ಣುಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಅವಳೇ ಮಾಯ್‌ಬ್ರಿಟ್ ಸೆಲಿನ್, ತೀರಾಳ ತಾಯಿ. ಅಪಘಾತವಾದ ದಿನದಿಂದ ಮನೆಗೆ ಹೋಗಿರಲಿಲ್ಲ.

"ದೂರು ಕೊಟ್ಲಾ?" ಎಂದು ಕೇಳಿದಳು.

"ಕೊಟ್ರು."

"ಬೇಡ ಅಂತ ಗೋಗರೆದೆ. ನೋಡಿ, ಎಂಜಿನ್ ಜೋಡಿಸಿದ್ದು ನಾನು. ತಪ್ಪು ನಂದೇ ಅಂತ ಬರ್ಕೊಂಡು ಮುಗಿಸಿಬಿಡಿ. ಅವಳಿಗೆ ಇದೆಲ್ಲ ತಡ್ಕೊಳ್ಳೋ ಶಕ್ತಿ ಇಲ್ಲ."

ಹೆತ್ತ ಕರುಳು ಹೀಗೇ ಮಾತಾಡುತ್ತದೆ ಎಂದುಕೊಂಡಳು ಗುನ್‌ವೊರ್. ಅವಳೂ ಇಬ್ಬರು ಮಕ್ಕಳ ತಾಯಿ. ಠಾಣೆಗೆ ಮರಳಿದ ಮೇಲೆ, ಹನ್ನೊಂದು ಗಂಟೆಗೆ, ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ರನ್‌ವೇ ಪಕ್ಕದ ಕಬ್ಬಿಣದ ಕೊಠಡಿಯ ಬೀಗ ತೆಗೆಸಿದರು. ಕಾರಿನ ಅವಶೇಷ ಅಲ್ಲಿತ್ತು. ಕ್ಲಬ್ಬಿನ ಇಬ್ಬರು ಸದಸ್ಯರ ಎದುರಿನಲ್ಲಿ ಪಂಚನಾಮೆ ನಡೆಯಿತು. ಎಂಜಿನ್ನು ಚಾಲಕಿಯ ಮುಂದೆ ಕೂರುವ ಬಗೆಯ ಕಾರು. ಎಂಟು ಸಿಲಿಂಡರು. ತೀರಾ ಹೇಳಿದ್ದು ಸರಿಯಾಗಿತ್ತು, ಒಂದನೆಯ, ಅಂದರೆ ಎಲ್ಲಕ್ಕಿಂತ ಮುಂದಿನ ಸಿಲಿಂಡರಿನ ಪಕ್ಕದಲ್ಲಿ ಅಂಗೈ ತೂರುವಷ್ಟು ಅಗಲದ ತೂತು ಬಿದ್ದಿತ್ತು.

ಗುನ್‌ವೊರ್‌ಗೆ ಎಂಜಿನ್ನಿನ ಗಂಧಗಾಳಿ ಇರಲಿಲ್ಲ. ಸಿಕ್ಸ್ಟೆನ್ ವಿವರಿಸಿದ. "ಮೇಲೆ ಕೆಳಗೆ ಹೋಗೋದು ಪಿಸ್ಟನ್. ಕೆಳಗೆ ತಿರುಗೋದು ಕ್ರ್ಯಾಂಕು. ಎರಡರ ಮಧ್ಯೆ ಇರೋ ತೋಳೇ ಕನೆಕ್ಟಿಂಗ್ ರಾಡ್. ಮೇಲ್ಗಡೆ ಚಿಕ್ಕ ಕಣ್ಣು, ಕೆಳಗಡೆ ದೊಡ್ಡ ಕಣ್ಣು. ಒಂದು ಕ್ಷಣ ತಳ್ಳು, ಇನ್ನೊಂದು ಕ್ಷಣ ಎಳೆ. ಮುರಿದ್ರೆ ಒಳಗೆ ಗೂಳಿ ನುಗ್ಗಿದ ಹಾಗೆ."

ಮುರಿದ ರಾಡಿನ ಎರಡು ಭಾಗಗಳೂ ಸಿಕ್ಕವು. ಒಂದು ಎಂಜಿನ್ನಿನ ಕೆಳಗೆ ಕಟ್ಟಿದ್ದ ದಪ್ಪ ಹೊದಿಕೆಯಲ್ಲಿ ಸಿಕ್ಕಿಕೊಂಡಿತ್ತು.

"ಇದೇನು?" ಗುನ್‌ವೊರ್ ಆ ಹೊದಿಕೆಯನ್ನು ಎತ್ತಿ ಹಿಡಿದಳು.

"ಎಂಜಿನ್ ಒಡೆದ್ರೆ ಎಣ್ಣೆ, ಚೂರು ರಸ್ತೆಗೆ ಬೀಳದ ಹಾಗೆ ಹಿಡಿಯೋಕೆ. ಎಲ್ಲ ಕಾರಿಗೂ ಕಟ್ಟಲೇಬೇಕು." ಸಿಕ್ಸ್ಟೆನ್ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ. "ಆದ್ರೆ ಇಲ್ಲಿ ಎರಡು ಪದರ ಇದೆ. ಎರಡೂ ಹೊಚ್ಚ ಹೊಸದು. ಎರಡು ಪದರ ಯಾರೂ ಹಾಕಲ್ಲ, ಭಾರ ಜಾಸ್ತಿ ಆಗುತ್ತೆ."

ಚಾಲಕಿಯನ್ನು ಸೀಟಿಗೆ ಬಿಗಿಯುವ ಭುಜದ ಪಟ್ಟಿಗಳೂ ಹೊಸವು. ಹಾಗೆಯೇ ಬೆಂಕಿ ಆರಿಸುವ ಸಿಲಿಂಡರುಗಳು. ಪಂಚನಾಮೆಯಲ್ಲಿ ಎಲ್ಲವನ್ನೂ ಬರೆದು, ರಾಡಿನ ತುಂಡುಗಳನ್ನು ಸೀಲು ಮಾಡಿ ರಾಜ್ಯ ಪ್ರಯೋಗಾಲಯಕ್ಕೆ ಕಳಿಸಿದರು.

ಮರುದಿನ ಬೆಳಿಗ್ಗೆ ಮಾಯ್‌ಬ್ರಿಟ್‌ಳನ್ನು ಆಸ್ಪತ್ರೆಯಿಂದ ಕರೆದುಕೊಂಡು ಅವಳ ವರ್ಕ್‌ಶಾಪಿಗೆ ಹೋದರು. ಹಿಂದೆ ಹಾಲಿನ ಡೈರಿಯಾಗಿದ್ದ ಕಟ್ಟಡ. ಗೋಡೆಗೆ ಬಿಳಿ ಹೆಂಚು, ನೆಲದಲ್ಲಿ ಎಣ್ಣೆಯ ಒಂದು ಹನಿಯೂ ಇಲ್ಲ. ಬಾಗಿಲ ಬಳಿಯ ತಗಡಿನ ಬಕೆಟ್ಟಿನಲ್ಲಿ ನಡುವಿಗೆ ಕತ್ತರಿಸಿದ ಅಲ್ಯುಮಿನಿಯಂ ರಾಡುಗಳು ತುಂಬಿದ್ದವು.

"ಇವು ಯಾಕೆ ಹೀಗೆ?" ಗುನ್‌ವೊರ್ ಕೇಳಿದಳು.

"ಆಯಸ್ಸು ಮುಗಿದವು," ಎಂದಳು ಮಾಯ್‌ಬ್ರಿಟ್. "ಹಾಗೇ ಬಿಟ್ರೆ ಯಾರೋ ಒಬ್ಬ ಬಡಪಾಯಿ ಎತ್ಕೊಂಡು ಹೋಗಿ ತನ್ನ ಎಂಜಿನ್ನಿಗೆ ಹಾಕ್ತಾನೆ. ಅದಕ್ಕೇ ಕುಯ್ದು ಹಾಕ್ತೀನಿ."

"ಅಲ್ಯುಮಿನಿಯಂ ಯಾಕೆ? ಉಕ್ಕು ಗಟ್ಟಿ ಅಲ್ವಾ?"

"ಉಕ್ಕು ವರ್ಷಗಟ್ಟಲೆ ಬಾಳುತ್ತೆ. ದೂರ ಓಡೋ ಗಾಡಿಗೆ ಅದೇ ಸರಿ. ನಮ್ಮದು ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಮುಗಿಯೋ ಕೆಲಸ. ಒಂದೊಂದು ಸಿಡಿತಾನೂ ದೊಡ್ಡ ಸುತ್ತಿಗೆ ಏಟು. ಅಲ್ಯುಮಿನಿಯಂ ಹಗುರ, ಏಟನ್ನ ಸ್ವಲ್ಪ ನುಂಗ್ಕೊಳ್ಳುತ್ತೆ, ಬೇರಿಂಗ್ ಉಳಿಯುತ್ತೆ. ಆದ್ರೆ ನುಂಗಿದ್ದನ್ನ ಮರೆಯಲ್ಲ. ಓಟ ಓಟಕ್ಕೂ ಕೂದಲೆಳೆಯಷ್ಟು ಉದ್ದ ಆಗುತ್ತೆ. ದೊಡ್ಡ ಕಣ್ಣು ಮೊಟ್ಟೆ ಆಕಾರಕ್ಕೆ ತಿರುಗುತ್ತೆ. ಆಮೇಲೆ ಎಷ್ಟು ಚೆನ್ನಾಗಿ ಕಾಣಿಸ್ತಿದ್ರೂ ಇಟ್ಕೋಬಾರ್ದು."

ಮಾತು ಶುರುವಾದ ಮೇಲೆ ಅವಳ ಬೆನ್ನು ನೆಟ್ಟಗಾಗಿತ್ತು. ವಾರದಿಂದ ನಿದ್ದೆಯಿಲ್ಲದ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಹೊಸ ರಾಡೊಂದನ್ನು ಕೈಗೆತ್ತಿಕೊಂಡು ಅದರ ಅಂಚಿನ ಮೇಲೆ ಉಗುರು ಎಳೆದಳು.

"ಉಗುರಿಗೆ ತಡೆಯೋ ಗೀರು ಇದ್ರೂ ಸಾಕು, ಬಿರುಕು ಅಲ್ಲಿಂದ್ಲೇ ಶುರು. ಬೋಲ್ಟನ್ನ ಬರೀ ಬಿಗಿ ಮಾಡಿದ್ರೆ ಸಾಲ್ದು, ಎಷ್ಟು ಹಿಗ್ಗಿದೆ ಅಂತ ಅಳೀಬೇಕು. ಕೊನೇಲಿ ಕೆಂಪು ಬಣ್ಣ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿ ಹಾಕ್ತೀನಿ. ಬಿರುಕಿದ್ರೆ ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತೆ. ಗಾಯದಿಂದ ರಕ್ತ ಬಂದ ಹಾಗೆ."

"ಬಣ್ಣ ಹಾಕಿ ನೋಡೋರು ಯಾರು?"

"ನಾನೇ."

"ಜೋಡಿಸೋರು?"

"ನಾನೇ. ಅವತ್ತೇ. ಬಣ್ಣದಲ್ಲಿ ಪಾಸಾದ ರಾಡು ನೇರ ಎಂಜಿನ್ನಿಗೆ. ಮಧ್ಯೆ ಇನ್ನೊಬ್ಬರ ಕೈ ತಾಗಬಾರ್ದು."

"ಈ ಸಲಾನೂ?"

"ಈ ಸಲಾನೂ," ಎಂದಳು. ಆಮೇಲೆ ರಾಡನ್ನು ಮೆಲ್ಲಗೆ ಕೆಳಗಿಟ್ಟಳು.

ಹೊರಗಿನವರು ನುಗ್ಗಿ ಇಲ್ಲಿಯ ಹತ್ಯಾರನ್ನೇ ಬಳಸಿರಬಹುದೆಂದು ಸಿಕ್ಸ್ಟೆನ್ ಲೋಹ ಉಜ್ಜುವ ಅರಗಳನ್ನೂ ಗರಗಸಗಳನ್ನೂ ಚೀಲಕ್ಕೆ ತುಂಬಿದ. ಮಾಯ್‌ಬ್ರಿಟ್ ತಡೆಯಲಿಲ್ಲ. ಒಂದು ಬದಿ ಮಾತ್ರ ದುಂಡಗಿರುವ ಸಣ್ಣ ಅರ್ಧಗುಂಡಿನ ಅರವನ್ನು ಅವನು ಎತ್ತಿಕೊಂಡಾಗ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತಳು. ಗುನ್‌ವೊರ್ ಅದನ್ನು ನೋಡಿದಳು, ಆದರೆ ಅರ್ಥವಾಗಲಿಲ್ಲ.

ಕೆನ್ನೆತ್ ಬ್ರಾಟ್ ಈಗ ಪಕ್ಕದ ಊರಿನ ಇನ್ನೊಬ್ಬ ಎಂಜಿನ್ ಕಟ್ಟುವವನ ಬಳಿ ಕೆಲಸಕ್ಕಿದ್ದ. ಬುಧವಾರ ಠಾಣೆಗೆ ಕರೆಸಿದರು. ನಲವತ್ತರ ಆಸುಪಾಸಿನ ದಢೂತಿ ಆಳು. ತುಟಿಯ ಒಳಗೆ ತಂಬಾಕಿನ ಸಣ್ಣ ಪೊಟ್ಟಣ ಇಟ್ಟುಕೊಂಡೇ ಕೂತ.

"ಬೀಗದ ಕೈ ಎಲ್ಲಿ?"

"ಮನೇಲಿದೆ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ."

"ಏಪ್ರಿಲ್‌ನಲ್ಲಿ ಕುಡಿದು ಏನಂದ್ರಿ? 'ಈ ವರ್ಷ ಅವಳು ಓಡಬಾರ್ದು, ಓಡಿದ್ರೆ ಸಾಯ್ತಾಳೆ' ಅಂತ ಅಂದಿದ್ದನ್ನ ಕೇಳಿದೋರಿದ್ದಾರೆ."

"ಅಂದೆ. ಈಗ್ಲೂ ಅಂತೀನಿ."

"ಬೆದರಿಕೆನಾ?"

"ಬೆದರಿಕೆ!" ಕೆನ್ನೆತ್ ಮೇಜಿಗೆ ಕೈ ಬಡಿದ. "ಅವಳನ್ನ ಹದಿನಾರು ವರ್ಷದವಳಾಗಿದ್ದಾಗಿಂದ ಬೆಲ್ಟ್ ಕಟ್ಟಿ ಸೀಟಲ್ಲಿ ಕೂರಿಸ್ತಿದ್ದೋನು ನಾನು. ಹೋದ ಸೆಪ್ಟೆಂಬರಿನಲ್ಲಿ ಅಭ್ಯಾಸದ ವೇಳೆ ತಲೆಗೆ ಪೆಟ್ಟು ಬಿತ್ತು. ಎರಡನೇ ಸಲ. ಯಾರಿಗೂ ಹೇಳಲಿಲ್ಲ, ವೈದ್ಯರ ಪರೀಕ್ಷೇಲಿ ಸುಳ್ಳು ಹೇಳಿ ಲೈಸೆನ್ಸ್ ತಗೊಂಡ್ಲು. ಕ್ರಿಸ್‌ಮಸ್ ಹೊತ್ತಿಗೆ ತನ್ನ ನಾಯಿ ಹೆಸರು ಮರೀತಿದ್ಲು, ಇನ್‌ಸ್ಪೆಕ್ಟ್ರೇ. ಒಂದೇ ಲೋಟಕ್ಕೆ ಎರಡು ಸಲ ಕಾಫಿ ಸುರಿಯೋಳು. ನಿಲ್ಲಿಸು ಅಂದೆ. ಸ್ಪ್ಯಾನರ್ ಎಸೆದ್ಲು." ಕಿವಿಯ ಹಿಂದಿನ ಗಾಯದ ಗುರುತು ತೋರಿಸಿದ.

"ಓಟ ನಡೆಸೋ ಸಂಘದ ಡಾಕ್ಟರಿಗೆ ಹೇಳಬಹುದಿತ್ತಲ್ಲ?"

"ಮೂರು ವರ್ಷದ ಹಿಂದೆ, ಮೊದಲ ಪೆಟ್ಟು ಬಿದ್ದಾಗ ಅವಳಪ್ಪ ತೋರ್ನಿ ಹೇಳಿದ. ಲೈಸೆನ್ಸ್ ಒಂದು ವರ್ಷ ಹೋಯ್ತು. ಅವತ್ತಿಂದ ಇವತ್ತಿನವರೆಗೆ ತೀರಾ ಅವನ ಮುಖ ನೋಡಿಲ್ಲ. ಅವನು ತಂದ ಹುಟ್ಟುಹಬ್ಬದ ಕೇಕ್‌ನ ಬಾಗಿಲಿಂದ್ಲೇ ವಾಪಸ್ ಕಳಿಸಿದ್ಲು. ಅವನು ಈ ಊರೇ ಬಿಟ್ಟು ಹೋದ. ಇನ್ನು ಯಾರಿಗೆ ಧೈರ್ಯ?"

"ತಾಯಿಗೆ ಗೊತ್ತಿತ್ತಾ?"

"ನಾನೇ ಹೇಳಿದೆ. ನೀನು ಎಂಜಿನ್ ಕಟ್ಟಬೇಡ, ಅವಳು ಓಡಲ್ಲ ಅಂದೆ. ಮಾಯ್‌ಬ್ರಿಟ್ ಅಂದ್ಲು, 'ನಾನು ಕಟ್ಟದಿದ್ರೆ ಬೇರೆಯವನ ಹತ್ರ ಕಟ್ಟಿಸ್ತಾಳೆ. ಅವನು ಹಳೇ ರಾಡ್ ಹಾಕ್ತಾನೆ.' ಅಷ್ಟೇ. ಆಮೇಲೆ ಮಾತಿಲ್ಲ, ಕತೆಯಿಲ್ಲ."

ಅವನು ಹೊಸ ಯಜಮಾನನ ಜೊತೆ ಮೇ ಕೊನೆಯಿಂದ ಹಿಂದಿನ ದಿನದವರೆಗೆ ಫಿನ್‌ಲೆಂಡಿನ ಓಟಗಳಲ್ಲಿದ್ದ. ಹಡಗಿನ ಟಿಕೆಟ್ಟು, ಹೋಟೆಲು, ಎಲ್ಲ ತಾಳೆಯಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಅವಳನ್ನ ನೋಡೋಕೆ ಬಿಡ್ತಾರಾ?" ಎಂದು ಕೇಳಿದ.

ಶುಕ್ರವಾರ ಸಂಜೆ ನಾಲ್ಕಕ್ಕೆ ಪ್ರಯೋಗಾಲಯದ ಲೋಹತಜ್ಞ ಹೆನ್ನಿಂಗ್ ಫೋನು ಮಾಡಿದ.

"ಕೈಯಿಂದ ಮಾಡಿದ್ದು," ಎಂದ. "ರಾಡಿನ ಕಾಲು ದೊಡ್ಡ ಕಣ್ಣಿಗೆ ಸೇರುವ ಕಡೆ ಅರದಿಂದ ಅಡ್ಡಗೀರು ಹಾಕಿದ್ದಾರೆ. ಬಿರುಕು ಅಲ್ಲಿಂದ ಹೊರಟು ಸ್ವಲ್ಪ ಸ್ವಲ್ಪವೇ ಹರಡಿ ಕೊನೆಗೆ ಮುರಿದಿದೆ. ನೀವು ಕಳಿಸಿದ ಅರ್ಧಗುಂಡಿನ ಸಣ್ಣ ಅರದ ಹಲ್ಲಿಗೂ ಗೀರಿನ ಗುರುತಿಗೂ ಹೊಂದುತ್ತೆ."

"ಅರ ಬಾಗಿಲ ಪಕ್ಕದ ಗೋಡೆ ಮೇಲೇ ನೇತಾಡ್ತಿತ್ತು. ಒಳಗೆ ಬಂದ ಯಾರಾದ್ರೂ ತಗೋಬಹುದಿತ್ತು."

"ತಗೋಬಹುದಿತ್ತು. ಆದ್ರೆ ಇನ್ನೊಂದಿದೆ. ಗೀರಿನ ತಳದಲ್ಲಿ ಕೆಂಪು ಬಣ್ಣದ ಶೇಷ ಸಿಕ್ಕಿದೆ. ಬಿರುಕು ಹುಡುಕೋಕೆ ಬಳಸ್ತಾರಲ್ಲ, ಅದು."

ಗುನ್‌ವೊರ್ ಪೆನ್ನು ಕೈಗೆತ್ತಿಕೊಂಡಳು.

"ಅಂದ್ರೆ ಗೀರು ಹಾಕಿದ ಮೇಲೆ ಬಣ್ಣ ಹಚ್ಚಿದ್ದಾರೆ."

"ಹೌದು. ಹಚ್ಚಿದವರಿಗೆ ಕಾಣದೆ ಇರೋ ಮಾತೇ ಇಲ್ಲ. ಇಷ್ಟುದ್ದ ಕೆಂಪು ಗೆರೆ ಎದ್ದಿರುತ್ತೆ. ನೋಡಿದ್ದಾರೆ, ಒರೆಸಿದ್ದಾರೆ, ಜೋಡಿಸಿದ್ದಾರೆ. ನನ್ನ ಅಂದಾಜು ಕೇಳ್ತೀರಾದ್ರೆ, ಎಷ್ಟು ಕುಯ್ದಿದೆ ಅಂತ ಪರೀಕ್ಷೆ ಮಾಡ್ಕೊಂಡಿದ್ದಾರೆ. ಕೇಡು ಬಯಸಿ ಬಂದ ಕಳ್ಳನಿಗೆ ಅಷ್ಟು ವ್ಯವಧಾನ ಇರಲ್ಲ."

ಫೋನು ಇಟ್ಟ ಮೇಲೆ ಗುನ್‌ವೊರ್ ಸಿಕ್ಸ್ಟೆನ್‌ನನ್ನು ಕರೆದಳು. "ರಾಡು ಓಟ ಶುರುವಾಗೋ ಜಾಗದಲ್ಲೇ ಮುರಿದಿದ್ರೆ ಏನಾಗ್ತಿತ್ತು?"

"ಏನೂ ಇಲ್ಲ. ದೊಡ್ಡ ಶಬ್ದ, ಹೊಗೆ. ಹೊದಿಕೆ ಎಣ್ಣೆ ಹಿಡ್ಕೊಳ್ತಿತ್ತು, ಪೂರ್ತಿ ವೇಗದಲ್ಲಿ ಮಾತ್ರ ಅದರ ಕೈಲಾಗಲ್ಲ. ಕಾರು ಅಲ್ಲೇ ನಿಲ್ತಿತ್ತು. ಎಂಜಿನ್ ಮಾತ್ರ ಗುಜರಿಗೆ. ಇನ್ನೊಂದು ಎಂಜಿನ್ ಅವರ ಹತ್ರ ಇಲ್ಲ, ಈ ವರ್ಷದ ಓಟ ಮುಗಿದ ಹಾಗೆ." ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. "ಮುರಿಯುತ್ತೆ ಅಂತ ಗೊತ್ತಿದ್ದೋರು ಎರಡು ಪದರ ಹೊದಿಕೆ ಕಟ್ತಾರೆ. ಭುಜದ ಪಟ್ಟಿ ಹೊಸದು ಹಾಕ್ತಾರೆ... ಅಯ್ಯೋ. ಗುನ್‌ವೊರ್, ಬೇಡ."

"ಬಣ್ಣ ಹಾಕಿದ್ದು ನಾನೇ, ಅವತ್ತೇ ಜೋಡಿಸಿದ್ದೂ ನಾನೇ ಅಂತ ಅವಳೇ ಹೇಳಿದ್ಲು. ಸುಳ್ಳು ಹೇಳಬಹುದಿತ್ತು. ಕೆಲಸದ ವಿಷಯದಲ್ಲಿ ಅವಳ ಬಾಯಿಗೆ ಸುಳ್ಳು ಬರಲಿಲ್ಲ."

ಸರ್ಕಾರಿ ವಕೀಲರು ಬಂಧನದ ಆದೇಶ ಕೊಟ್ಟರು. ಶನಿವಾರ ಬೆಳಿಗ್ಗೆ ಇಬ್ಬರೂ ಸಾದಾ ಉಡುಪಿನಲ್ಲಿ ಆಸ್ಪತ್ರೆಗೆ ಹೋದರು.

ಮಾಯ್‌ಬ್ರಿಟ್ ಅದೇ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ಯಾರೋ ತಂದುಕೊಟ್ಟ ಏಲಕ್ಕಿ ಬನ್ನು ಹಾಗೇ ಒಣಗಿತ್ತು. ಅವರ ಮುಖ ನೋಡಿ ಎದ್ದು ನಿಂತಳು. ಸಂಬಂಧಿಕರು ಕೂರುವ ಕೋಣೆಗೆ ಕರೆದೊಯ್ದು ಗುನ್‌ವೊರ್ ಬಾಗಿಲು ಹಾಕಿದಳು. ವಕೀಲರಿಲ್ಲದೆ ಉತ್ತರ ಕೊಡಬೇಕಿಲ್ಲ ಎಂದು ತಿಳಿಸಿದಳು.

"ಕೇಳಿ," ಎಂದಳು ಮಾಯ್‌ಬ್ರಿಟ್.

"ಗೀರು ಹಾಕಿದ್ದು ನೀವಾ?"

"ನಾನೇ."

"ಒಂದನೇ ಸಿಲಿಂಡರು ಯಾಕೆ?"

"ಅವಳಿಂದ ಎಲ್ಲಕ್ಕಿಂತ ದೂರ ಅದು."

ಸಿಕ್ಸ್ಟೆನ್ ಪೆನ್ನು ಹಿಡಿದಿದ್ದ, ಬರೆಯುತ್ತಿರಲಿಲ್ಲ.

"ಓಟಕ್ಕೆ ಮುಂಚೆ ಟೈರು ಬಿಸಿ ಮಾಡೋಕೆ ನಿಂತಲ್ಲೇ ಚಕ್ರ ತಿರುಗಿಸ್ತಾರಲ್ಲ, ಅಲ್ಲೇ ಹೋಗುತ್ತೆ ಅನ್ಕೊಂಡಿದ್ದೆ," ಎಂದಳು ಅವಳು. "ತಪ್ಪಿದ್ರೆ ದೀಪ ಹಸಿರಾಗಿ ಹೊರಡೋ ಏಟಿಗೆ. ಅಲ್ಲಿ ಹೋಗ್ಲಿಲ್ಲ. ಕಾರು ಹೊರಟುಬಿಡ್ತು. ನಿಲ್ಲಿಸಿ ಅಂತ ಕೂಗಿದೆ, ಆ ಶಬ್ದದಲ್ಲಿ ಯಾರಿಗೆ ಕೇಳುತ್ತೆ? ಅಲ್ಲಿಂದ ಕೊನೆಯವರೆಗೆ ನಾನು ಉಸಿರಾಡಿದ ನೆನಪಿಲ್ಲ. ಹಳೇ ರಾಡ್ ಹಾಕಿದ್ರೆ ಎಲ್ಲಿ ಯಾವಾಗ ಮುರಿಯುತ್ತೋ ಗೊತ್ತಾಗಲ್ಲ ಅಂತ ಹೊಸದನ್ನೇ ತಗೊಂಡೆ. ಅದು ನಾನು ಅಂದ್ಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು."

"ಡಾಕ್ಟರಿಗೆ ಹೇಳೋದು ಬಿಟ್ಟು ಇದನ್ನ ಮಾಡಿದ್ರಾ?"

"ತೋರ್ನಿ ಹೇಳಿದ. ಅವನಿಗೆ ಮಗಳಿಲ್ಲ ಈಗ. ನನಗೆ ಅವಳು ಬಿಟ್ರೆ ಯಾರಿದ್ದಾರೆ?" ಕೈ ಜೋಡಿಸಿದಳು. "ನಾನೇ ಅವಳಿಗೆ ಹೇಳ್ತೀನಿ. ಇದೊಂದು ಬಿಡಿ."

ನಿಯಮದ ಪ್ರಕಾರ ಬಿಡಬಾರದಿತ್ತು. ಗುನ್‌ವೊರ್ ಬಿಟ್ಟಳು, ಆದರೆ ತಾನೂ ಜೊತೆಗೆ ಒಳಗೆ ಹೋದಳು.

ಮಾಯ್‌ಬ್ರಿಟ್ ಮಂಚದ ಪಕ್ಕ ನಿಂತು, ಸುತ್ತು ಬಳಸದೆ, ನಾಲ್ಕು ಮಾತಿನಲ್ಲಿ ಹೇಳಿದಳು. ತೀರಾ ಮೊದಲು ನಕ್ಕಳು. ಪೊಲೀಸರು ಅಮ್ಮನನ್ನು ಹೆದರಿಸಿ ಹೇಳಿಸುತ್ತಿದ್ದಾರೆ ಎಂದುಕೊಂಡಳು.

"ಯಾಕಮ್ಮಾ ಹೀಗಂತೀಯ? ಯಾರನ್ನ ಉಳಿಸೋಕೆ?"

"ಯಾರನ್ನೂ ಇಲ್ಲ, ಪುಟ್ಟೀ. ಅರ ಹಿಡಿದದ್ದು ನಾನೇ."

ತೀರಾ ತಾಯಿಯ ಕೈಯನ್ನೇ ನೋಡಿದಳು. ನಗು ಮುಖದ ಮೇಲೆಯೇ ಸತ್ತುಹೋಯಿತು. ಆಮೇಲೆ ಗುನ್‌ವೊರ್ ಕಡೆ ಕಣ್ಣು ಹೊರಳಿಸಿ, "ನನ್ನ ದೂರು ವಾಪಸ್ ಕೊಡಿ," ಎಂದಳು.

"ಆಗಲ್ಲ, ತೀರಾ."

"ನಾನು ಕೊಟ್ಟಿದ್ದು ತಾನೆ? ನನ್ನ ಸಹಿ ತಾನೆ? ಹರಿದು ಹಾಕಿ!"

"ಇದು ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

ತೀರಾ ಕಿರುಚಿದಳು. ಅದರಲ್ಲಿ ಮಾತಿರಲಿಲ್ಲ. ಕವಚದೊಳಗಿನ ಎದೆ ಏದುಸಿರು ಬಿಡುತ್ತಿತ್ತು, ಕೈಗಳು ಹೊದಿಕೆಯನ್ನು ಹಿಂಡುತ್ತಿದ್ದವು, ಕಾಲುಗಳು ಮಾತ್ರ ಇಟ್ಟಲ್ಲೇ ಇದ್ದವು. ಶಬ್ದ ಕೇಳಿ ನರ್ಸು ಓಡಿಬಂದಳು. ರೋಗಿಯನ್ನು ಮಗ್ಗುಲು ಬದಲಿಸುವ ಹೊತ್ತೂ ಆಗಿತ್ತು, ಹಾಗೇ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ಇಬ್ಬರಾದರೂ ಬೇಕಾದ ಕೆಲಸ. ಇಷ್ಟು ದಿನವೂ ಇನ್ನೊಂದು ಕೈ ಮಾಯ್‌ಬ್ರಿಟ್‌ಳದ್ದೇ. ಅಭ್ಯಾಸದಂತೆ ಅವಳು ಮುಂದೆ ಬಂದಳು.

"ಮುಟ್ಟಬೇಡ," ಎಂದಳು ತೀರಾ.

ಮಾಯ್‌ಬ್ರಿಟ್ ಗೋಡೆಗೆ ಸರಿದಳು. ಗುನ್‌ವೊರ್ ಕೋಟು ತೆಗೆದಿಟ್ಟು ಮಂಚದ ಆ ಬದಿಗೆ ಹೋದಳು. ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ.

"ಸೊಂಟದ ಕೆಳಗೆ ಕೈ ತೂರಿಸಿ," ಗೋಡೆಯ ಕಡೆಯಿಂದ ದನಿ ಬಂತು. "ಎಳೀಬೇಡಿ. ಎತ್ತಿ ತಿರುಗಿಸಿ. ಭುಜ, ಸೊಂಟ ಎರಡೂ ಒಟ್ಟಿಗೆ ಹೊರಳ್ಬೇಕು. ಹಾಂ, ಹಾಗೆ. ಮಂಡಿ ಮಧ್ಯೆ ದಿಂಬು. ಇನ್ನೂ ಸ್ವಲ್ಪ ಮೇಲೆ."

ಹೇಳಿದ ಹಾಗೆಯೇ ಮಾಡಿದರು. ತಿರುಗಿಸಿ ಮುಗಿದಾಗ ತೀರಾಳ ಮುಖ ಕಿಟಕಿಯ ಕಡೆಗಿತ್ತು, ಬೆನ್ನು ತಾಯಿಯ ಕಡೆಗೆ. ಮಾಯ್‌ಬ್ರಿಟ್ ಆ ಬೆನ್ನನ್ನು ನೋಡುತ್ತಾ ನಿಂತಿದ್ದಳು. ಸಿಕ್ಸ್ಟೆನ್ ಬಂದು ತೋಳು ಮುಟ್ಟಿದಾಗ ತಾನೇ ಹೊರಗೆ ನಡೆದಳು.

ಹನ್ನೊಂದೂ ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಕೈಗೆ ಕೋಳ ಹಾಕಲಿಲ್ಲ.

ಸಂಜೆ ವಕೀಲರ ಎದುರಿನಲ್ಲಿ ಅವಳು ಪೂರ್ಣ ಹೇಳಿಕೆ ಕೊಟ್ಟಳು. ಯಾವುದನ್ನೂ ಕಡಿಮೆ ಮಾಡಿ ಹೇಳಲಿಲ್ಲ, ದಯೆಯನ್ನೂ ಕೇಳಲಿಲ್ಲ. ಓಟ ನಿಂತರೆ ಮಗಳಿಗೆ ಒಂದಲ್ಲ ಒಂದು ದಿನ ನಿಜ ತಿಳಿಯುತ್ತಿರಲಿಲ್ಲವೇ, ಆಗಲೂ ಅವಳು ನಿಮ್ಮನ್ನು ದೂರ ಮಾಡುತ್ತಿರಲಿಲ್ಲವೇ ಎಂದು ಗುನ್‌ವೊರ್ ಕೇಳಿದಳು.

"ಮಾಡಿದ್ರೆ ಮಾಡ್ಲಿ ಅನ್ಕೊಂಡೆ," ಎಂದಳು ಮಾಯ್‌ಬ್ರಿಟ್. "ಜನವರಿಯಲ್ಲಿ ಒಂದಿನ ಅಡುಗೆಮನೇಲಿ ನನ್ನ ಮುಖ ನೋಡ್ತಾ ನಿಂತಿದ್ಲು. ನನ್ನ ಏನಂತ ಕರೀಬೇಕು ಅಂತ ಅವಳಿಗೆ ಹೊಳೀತಿರಲಿಲ್ಲ. ಒಂದು ಗಳಿಗೆ ಅಷ್ಟೇ. ಆಮೇಲೆ ಅಮ್ಮಾ ಅಂದ್ಲು, ನಕ್ಕುಬಿಟ್ಲು. ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಅದೂ ಉಳಿಯಲ್ಲ ಅನ್ನಿಸ್ತು. ನನ್ನ ದ್ವೇಷ ಮಾಡ್ಲಿ, ಆದ್ರೆ ನಾನು ಯಾರು ಅಂತ ಗೊತ್ತಿದ್ದು ದ್ವೇಷ ಮಾಡ್ಲಿ, ಅಷ್ಟೇ ನಾನು ಬಯಸಿದ್ದು."